ಡ್ರೈವರ್ ಬರೆಯೋನ ಮ್ಯಾಲ ಊರಿನ ಕಣ್ಣು

ಒಬ್ಬ ಮನುಷ್ಯ ತನ್ನ ಪಾಡಿಗೆ ತಾ ಕುಂತು ಹಳೇ ಕಂಪ್ಯೂಟರ್ ರಿಪೇರಿ ಮಾಡಿದ್ರ ಯಾರಿಗೇನ್ರೀ ತ್ರಾಸು? ನಮ್ಮ ಮಾನ್ವಿಯೊಳಗ ಹಂಗ ಬಿಡಂಗಿಲ್ಲ. "ಏನೋ ಅದ" ಅಂತಾರ.

ಸಿರವಾರದ ರೈಸ್ ಮಿಲ್ ಸಾಹುಕಾರ್ರದು ಒಂದು ಮುದಿ ವರ್ಕ್‌ಸ್ಟೇಷನ್. ಅಕ್ಕಿಯೊಳಗಿನ ಕರೀಕಾಳು ಆರಿಸೋ ಮಷೀನ್ ನಡಿಸೋದು ಅದೇ. ಅದಕ್ಕ ಲಿನಕ್ಸ್ ಅನ್ನೋ ಹೊಸ ಸಿಸ್ಟಂ ಹಾಕಿದೆ. ಆದ್ರ ಬ್ಯಾರೆ ಕಂಪ್ಯೂಟರಿಗೆ ಜೋಡಿಸೋ ಅದರ ನೆಟ್‌ವರ್ಕ್ ಕಾರ್ಡ್ ನಡಿಸೋ ಪ್ರೋಗ್ರಾಮು, ಅಂದ್ರ ಡ್ರೈವರ್, ಎಲ್ಲೂ ಸಿಗಲಿಲ್ಲ. "ನಾನೇ ಬರೀತೀನಿ" ಅಂದುಬಿಟ್ಟೆ.

"ಸುಗ್ಗಿ ಮುಂದಿನ ಅಮಾಸಿ ತನಕ ನೋಡ್ತೀನಿ. ಆಫೀಸಿನ ಕಂಪ್ಯೂಟರಿಗೆ ಸೇರಲಿಲ್ಲಂದ್ರ ಇದು ಗುಜರಿಗೆ," ಅಂದ್ರು ಸಾಹುಕಾರ್ರು. ನನ್ನ ಮರ್ಯಾದಿನೂ ಅದರ ಜೋಡಿನೇ ಗುಜರಿಗೆ ಹೋಗ್ತಿತ್ತು. ಆ ಕಂಪ್ಯೂಟರ್ ಮನಿಗೆ ಹೊತ್ಕೊಂಡು ಬಂದೆ.

ಮನಿ ಮಾಲಕರು

ಸ್ಕ್ರೀನಿನ ತುಂಬ ಅಕ್ಷರ ಓಡಾಕತ್ತಿದ್ವು. ಬಾಡಿಗಿ ಮನಿ ಮಾಲಕರು ಬಾಗಿಲದಾಗ ನಿಂತು, "ಯಾರ ಅಕೌಂಟಿನಾಗಿಂದ ರೊಕ್ಕ ಎಳಿಯಾಕತ್ತೀರಿ?" ಅಂದ್ರು.

"ಅಯ್ಯ ಮಾಲಕ್ರ, ಇದಕ್ಕ ಮಗ್ಗಲದಾಗಿನ ಕಂಪ್ಯೂಟರೇ ಕಾಣವಲ್ದು, ಬ್ಯಾಂಕ್ ಎಲ್ಲಿಂದ ಕಾಣ್ತದ್ರೀ!"

ನಂಬಲಿಲ್ಲ. ಬಾಗಿಲಾ ಮುಂದಕ್ಕ ಮಾಡಿ ಕಿವಿ ಹತ್ರ ಬಂದ್ರು. "ರೊಕ್ಕ ತೆಗಿಬ್ಯಾಡ್ರಿ, ಪಾಪ ಹತ್ತತದ. ನಮ್ಮ ಬೀಗರದು ಎಷ್ಟದ ಅಂತ ಅಷ್ಟ ನೋಡಿ ಹೇಳ್ರಿ."

ಗುಜರಿಯವ

ತಪ್ಪು ನಂದೋ ಕಾರ್ಡಿಂದೋ ನೋಡಾಕ ಅಂಥದೇ ಇನ್ನೊಂದು ಕಾರ್ಡ್ ಬೇಕಿತ್ತು. ರಾಯಚೂರಿನ ಗುಜರಿ ಅಂಗಡಿ ಗುಡ್ಡಿಯೊಳಗ ಸಿಕ್ತು. ಖುಷಿಗೆ ಬೆಳಕಿಗೆ ಹಿಡಿದು ತಿರುವ್ಯಾಡಿದೆ. ಅಂಗಡಿಯವ ಗಪ್ಪನೆ ಕಸಗೊಂಡ.

"ಇಷ್ಟು ನೋಡಾಕತ್ತೀರಿ ಅಂದ್ರ ಇದರಾಗ ಬಂಗಾರ ಅದ."

"ಇಲ್ಲ ಭಾಯ್, ಡ್ರೈವರ್ ಬರಿಯಾಕ ಬೇಕು."

"ಹಳೇ ಕಾರ್ಡಿನ್ಯಾಗಿನ ಬಂಗಾರ ತೆಗೆಯೋರು ಹಿಂಗ ತಿಳಿಲಾರದಂಗೇ ಮಾತಾಡ್ತಾರ," ಅಂದ. ಇವತ್ತಿಗೂ ಆ ಕಾರ್ಡ್ ಅವನ ತಿಜೋರಿಯೊಳಗ ಅದ.

ಅಮಾಸಿ

ಅಂತೂ ಇದ್ದ ಒಂದೇ ಕಾರ್ಡಿನ ಮ್ಯಾಲೇ ಡ್ರೈವರ್ ಮುಗೀತು. ಅಮಾಸಿ ಮುಂಜಾನೆ ಮಿಲ್ಲಿನ್ಯಾಗ ಕಂಪ್ಯೂಟರ್ ಇಟ್ಟು, ವೈರ್ ಚುಚ್ಚಿ ನೋಡಿದೆ. ಛಲೋ ನಡೀತು. ಚಾ ಕುಡಿದು ಸಾಹುಕಾರ್ರನ್ನ ಕರ್ಕೊಂಡು ಬರೂದ್ರಾಗ ನೆಟ್‌ವರ್ಕಿನ ಸುದ್ದೇ ಇಲ್ಲ! ಬರೆದಿದ್ದೆಲ್ಲ ಮತ್ತ ಓದಿದೆ, ತಪ್ಪಿಲ್ಲ. ಮಿಲ್ಲಿನ ಲೆಕ್ಕ ಬರೆಯೋ ಮುನೀಮನ ಮ್ಯಾಲ ಸಂಶಯ ಬಂತು. ಅವಗ ಹೊಸ ಕಂಪ್ಯೂಟರಿನ ಆಸಿ ಇತ್ತು.

ಹಿಂದ ಬಗ್ಗಿ ವೈರ್ ಕಿತ್ತಿದೆ. ತೂತಿನ ತುಂಬ ಹಸೀ ವಿಭೂತಿ!

"ಅಮಾಸಿ ಪೂಜಿರೀ," ಅಂದ ಮುನೀಮ. "ಎಲ್ಲಾ ಮಷೀನಿಗೂ ಹಣಿ ನೋಡಿ ಹಚ್ಚತೀವಿ. ಇದಕ್ಕ ಅಲ್ಲೇ ದೀಪ ಮಿಣಕ್ ಮಿಣಕ್ ಅನ್ನಾಕತ್ತಿತ್ತು. ವೈರ್ ತೆಗೆದು ಹಚ್ಚಿ, ಮತ್ತ ಚುಚ್ಚಿದೆ."

ಹಲ್ಲು ಕಡಕೋತ ಬ್ರಶ್ ತಗೊಂಡು ತಿಕ್ಕಿ, ಒಣಗಿಸಿ, ವೈರ್ ಚುಚ್ಚಿದೆ. ದೀಪ ಹತ್ತಿತು. ಎರಡೂ ಕಂಪ್ಯೂಟರ್ ಮಾತಾಡಿದ್ವು. ನನ್ನ ಕಣ್ಣಾಗ ನೀರೇ ಬಂತ್ರೀ.

ಸಾಹುಕಾರ್ರು ಮಷೀನಿಗೆ ಕೈ ಮುಗಿದು ಮುನೀಮನ ಕಡೆ ತಿರುಗಿದ್ರು. "ಲೇ, ಈ ವಿಭೂತಿ ಮೊದಲ ದಿನಾನೇ ಹಚ್ಚಾಕ ಏನಾಗಿತ್ತೋ ನಿನಗ? ಪಾಪ, ಈ ಪುಣ್ಯಾತ್ಮ ತಿಂಗಳಾನುಗಟ್ಲೆ ಸುಮ್ಮ ಸುಮ್ಮನ ಬರಕೋತ ಕುಂತಾನ!"