ಸಮುದ್ರ ಕಂಡವನು ಸಮುದ್ರಕ್ಕೆ ಹೋದದ್ದು

ಬೇಸಿಗೆ ಬಂತೆಂದರೆ ಕೆಲವರಿಗೆ ಇದ್ದಕ್ಕಿದ್ದಂತೆ ಇರುವ ಊರು ಸಾಲದೆ ಹೋಗುತ್ತದೆ. ವರ್ಷವೆಲ್ಲ ಅದೇ ಜಗಲಿಯಲ್ಲಿ ಅದೇ ಗೋಡೆಗೆ ಒರಗಿ ಕೂತವರು ಏಪ್ರಿಲ್ ಕಾಲಿಟ್ಟೊಡನೆ ‘ಹವಾ ಬದಲಾವಣೆ’ ಎಂದು ಕನವರಿಸತೊಡಗುತ್ತಾರೆ. ಹವೆ ಬದಲಾಗುವುದು ನಿಜ. ಒಣ ಸೆಕೆಯಿಂದ ಹಸಿ ಸೆಕೆಗೆ. ನಮ್ಮ ಹೊನ್ನಾಳಿಯಲ್ಲಿ ಬೆವರು ಬಂದರೆ ಗಾಳಿಗೆ ಆರುತ್ತದೆ. ಕರಾವಳಿಯಲ್ಲಿ ಬಂದ ಬೆವರು ನೀವು ವಾಪಸು ಹೊರಡುವ ತನಕ ಮೈಮೇಲೆಯೇ ಠಿಕಾಣಿ ಹೂಡುತ್ತದೆ. ಯುದ್ಧಕ್ಕೆ ಮುಂಚಿನ ಒಂದು ಬೇಸಿಗೆಯಲ್ಲಿ ನಾನೂ ಅಂಥದೊಂದು ಊರಿಗೆ ಹೋಗಿ ಎಂಟು ದಿನ ಇದ್ದು ಬಂದೆ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನೀವೂ ಹೊರಟು ನಿಲ್ಲುತ್ತೀರಿ.

ಮೊದಲು ಒಂದು ತಪ್ಪೊಪ್ಪಿಗೆ. ಆಗ ನಾನು ಹೊನ್ನಾಳಿಯ ಮಿಡ್ಲ್ ಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ಅಲೆ, ಭರತ, ಇಳಿತ ಎಲ್ಲವನ್ನೂ ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ ಏಳಿಸಿ ಬೀಳಿಸುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಆದರೆ ನಾನು ಸಮುದ್ರವನ್ನು ಕಂಡವನಲ್ಲ. ಹುಟ್ಟಿದ್ದು ಸಾಸ್ವೆಹಳ್ಳಿ, ಓದಿದ್ದು ಶಿವಮೊಗ್ಗ, ಈಜಿದ್ದು ತುಂಗಭದ್ರೆ, ಮುಗಿಯಿತು. ಇದರಲ್ಲಿ ಅಪರಾಧವೇನಿಲ್ಲ. ಉತ್ತರ ಧ್ರುವವನ್ನೂ ನಾನು ಪಾಠ ಮಾಡುತ್ತಿದ್ದೆ. ಅಲ್ಲಿಗೆ ಹೋಗಿ ಬಂದಿದ್ದೀರಾ ಎಂದು ಯಾರೂ ಕೇಳಲಿಲ್ಲ. ಕೇಳಿದವಳು ನನ್ನ ಹೆಂಡತಿ ಗಿರಿಜೆ, ಅದೂ ಸಮುದ್ರದ ವಿಚಾರ. ಮದುವೆಯಾದ ಹೊಸತು. ನ್ಯಾಮತಿಯಿಂದ ಬಂದ ಹುಡುಗಿ ಕಣ್ಣರಳಿಸಿ, “ನೀವು ಸಮುದ್ರ ನೋಡೀರಾ?” ಎಂದಳು. ಹೊಸ ಗಂಡ ಅಂಥ ಪ್ರಶ್ನೆಗೆ ಇಲ್ಲ ಎನ್ನುವುದುಂಟೆ? “ಓಹೋ, ಎಷ್ಟು ಸಾರಿ!” ಎಂದುಬಿಟ್ಟೆ. ಅಲ್ಲಿಂದ ಹದಿನಾಲ್ಕು ವರ್ಷ, ಕೇಳಿದಾಗಲೆಲ್ಲ ಗಂಟೆಗಟ್ಟಲೆ ವರ್ಣಿಸಿದೆ. ಅವಳು ಕೇಳಿಕೊಂಡ ಆಸೆ ಒಂದೇ, ಒಂದು ಸಲ ತೋರಿಸಿ ಎಂದು. ಪ್ರತಿ ಬೇಸಿಗೆಯಲ್ಲೂ ಏನಾದರೂ ನೆವ ಹೇಳಿ ತಪ್ಪಿಸಿದೆ. ಹೋದರೆ ನನ್ನ ಬಂಡವಾಳ ಬಯಲಾಗುತ್ತಿತ್ತು.

ನನ್ನ ನೆಮ್ಮದಿ ಕೆಡಿಸಿದವನು ತಾಲ್ಲೂಕು ಕಚೇರಿಯ ಗುಮಾಸ್ತ ರುದ್ರಪ್ಪ. ಆತ ಹೆಂಡತಿಯೊಂದಿಗೆ ಸಮುದ್ರ ನೋಡಿ ಬಂದ. ಬಂದ ಮೇಲೆ ಊರಲ್ಲಿ ಯಾರಿಗೂ ತಲೆ ತಪ್ಪಿಸಿಕೊಳ್ಳಲು ಬಿಡಲಿಲ್ಲ. ಸೂರ್ಯ ಮುಳುಗುವುದನ್ನು ನೋಡಬೇಕು, ಅಲೆಗೆ ಮೈಯೊಡ್ಡಬೇಕು, ದೀಪಸ್ತಂಭ ಹತ್ತಬೇಕು, ಚಿಪ್ಪು ಆರಿಸಬೇಕು, ಎಳನೀರು ಕುಡಿಯಬೇಕು ಎಂದು ಒಂದು ಪಟ್ಟಿಯನ್ನೇ ಬರೆದು ತಂದುಕೊಟ್ಟ. ಸರ್ಕಾರಿ ಗುಮಾಸ್ತ ನೋಡಿ, ಸುಖಪಡುವುದನ್ನೂ ಫೈಲು ಮಾಡಿದ್ದ. ಅವನ ಹೆಂಡತಿ ತಂದ ಚಿಪ್ಪಿನ ಸರ ಕಂಡ ದಿನವೇ ಗಿರಿಜೆ ನನ್ನೆದುರು ನಿಂತು, “ಈ ಸಲ ನೀವು ಬರದಿದ್ರೆ ನಾನು ಅಣ್ಣನ ಜೊತೆ ಹೋಗ್ತೀನಿ” ಎಂದಳು. ನಾನು ಅಟ್ಟದ ಮೇಲಿನ ಟ್ರಂಕು ಇಳಿಸಿದೆ.

ಬಸ್ಸಿನಲ್ಲಿ ಘಟ್ಟ ಇಳಿಯುವಾಗಲೇ ಉಪಾಯ ಹೊಳೆಯಿತು. ಹೊಸದಾಗಿ ನೋಡುವವನು ಬೆರಗಾಗುತ್ತಾನೆ. ಹಲವು ಸಲ ನೋಡಿದವನು ಬೇಸರಪಡುತ್ತಾನೆ. ಹಾಗಾದರೆ ನಾನು ಬೇಸರಪಡಬೇಕು, ಸಾಧ್ಯವಾದರೆ ಮೂಗೂ ಮುರಿಯಬೇಕು. ನನ್ನ ಸ್ವಭಾವಕ್ಕೆ ಇದೇನೂ ಕಷ್ಟದ ಕೆಲಸವಾಗಿರಲಿಲ್ಲ.

ಮೊದಲ ಸಂಜೆ ತೆಂಗಿನ ಮರಗಳ ಸಾಲು ದಾಟಿದೊಡನೆ ಎದುರಿಗೆ ಅದು ಕಂಡಿತು. ನಿಜ ಹೇಳುತ್ತೇನೆ, ನನ್ನ ಕಾಲು ನಿಂತುಹೋಯಿತು. ಆದರೆ ಗಿರಿಜೆ ನನ್ನ ಮುಖ ನೋಡುತ್ತಿದ್ದಳು. “ಹ್ಞಾಂ, ಇದೇ. ಹೋದ ಸಲ ನೋಡಿದಾಗ ಇನ್ನೂ ದೊಡ್ಡದಿತ್ತು” ಎಂದೆ.

ಆಮೇಲೆ ರುದ್ರಪ್ಪನ ಪಟ್ಟಿಯನ್ನು ಹಿಡಿದು ಒಂದೊಂದನ್ನೇ ತೀರಿಸಿದೆವು. ಸೂರ್ಯಾಸ್ತ ನೋಡಲು ಘಟ್ಟದ ಮೇಲಿನಿಂದ ಬಂದ ಸಂಸಾರಗಳೆಲ್ಲ ಸಾಲಾಗಿ ಕೂತು, ಸೂರ್ಯ ಮುಳುಗಿದ ಕೂಡಲೇ ತಾವೇ ಮುಳುಗಿಸಿದಂತೆ ಪರಸ್ಪರ ಮೆಚ್ಚುಗೆಯಿಂದ ನೋಡಿಕೊಂಡರು. ಅದೇ ಸೂರ್ಯ ಹೊನ್ನಾಳಿಯಲ್ಲೂ ದಿನಾ ಮುಳುಗುತ್ತಾನೆ, ಅಲ್ಲಿ ಅವನನ್ನು ಕೇಳುವವರಿಲ್ಲ. ದೀಪಸ್ತಂಭ ಹತ್ತಿದೆವು. ಕೆಳಗಿನಿಂದ ಕಂಡದ್ದನ್ನೇ ಮೇಲಿನಿಂದಲೂ ಕಂಡೆವು, ಮೊಣಕಾಲು ನೋವು ಮಾತ್ರ ಹೆಚ್ಚುವರಿ. ಚಿಪ್ಪು ಆರಿಸುವವರ ಸಡಗರ ಹೇಳತೀರದು. ಸತ್ತ ಹುಳದ ಮನೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬರುವ ಹೆಂಗಸರೇ ಊರಿನಲ್ಲಿ ಹಲ್ಲಿ ಬಿದ್ದರೆ ಸ್ನಾನ ಮಾಡುತ್ತಾರೆ. ಊಟಕ್ಕೆ ಕೂತರೆ ಕೆಂಪು ಕುಚಲಕ್ಕಿ ಅನ್ನ. ಅದನ್ನು ಅಗಿದು ಮುಗಿಸುವಷ್ಟರಲ್ಲಿ ಮತ್ತೆ ಹಸಿವಾಗುತ್ತಿತ್ತು. ಇದನ್ನೆಲ್ಲ ನಾನು ಮನಸ್ಸಿನಲ್ಲಿಟ್ಟುಕೊಳ್ಳಲಿಲ್ಲ. ಗಿರಿಜೆಯ ಪಕ್ಕದಲ್ಲಿ ನಡೆಯುತ್ತ ಒಂದೂ ಬಿಡದೆ ಹೇಳಿದೆ. ಅವಳು ಹ್ಞೂಂ ಎನ್ನುತ್ತಿದ್ದಳು, ಬರಬರುತ್ತ ಅದನ್ನೂ ಬಿಟ್ಟಳು. ನನ್ನ ಉಪಾಯ ಫಲಿಸಿತೆಂದು ನಾನು ಒಳಗೇ ಬೀಗಿದೆ.

ನಾವು ಇಳಿದುಕೊಂಡಿದ್ದ ಛತ್ರದಲ್ಲಿ ಜಗಳೂರಿನ ಬೀರಪ್ಪ ಎಂಬ ಕಂಬಳಿ ವ್ಯಾಪಾರಿ ಇದ್ದ. ಮಳೆಗಾಲಕ್ಕೆ ಮುಂಚೆ ಕರಾವಳಿಯವರಿಗೆ ಕಂಬಳಿ ಮಾರಲು ವರ್ಷವೂ ಬರುತ್ತಿದ್ದನಂತೆ. ಆ ಸೆಕೆಯಲ್ಲಿ ಅವನ ಕಂಬಳಿಯ ಗಂಟು ಕಂಡರೇ ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ನಮ್ಮ ಕಡೆಯ ಮನುಷ್ಯನೆಂದು ಗಿರಿಜೆ ಅವನನ್ನು ಆದರದಿಂದ ಮಾತಾಡಿಸುತ್ತಿದ್ದಳು. ನನಗೆ ಅವನು ಲೆಕ್ಕಕ್ಕಿರಲಿಲ್ಲ. ಜಗಳೂರಿನಲ್ಲಿ ಕೆರೆ ತುಂಬುವುದೇ ಅಪರೂಪ. ಅಲ್ಲಿಂದ ಬಂದವನು ನೀರಿನ ವಿಚಾರದಲ್ಲಿ ನನಗೆ ಏನು ಹೇಳಿಯಾನು?

ಆರನೆಯ ದಿನ ಪಟ್ಟಿಯಲ್ಲಿ ಉಳಿದದ್ದು ಸಮುದ್ರಸ್ನಾನ. ಬೇಸಿಗೆಯಲ್ಲಿ ನಮ್ಮ ಹೊಳೆ ಹೇಗೆಂದು ಬಲ್ಲವರು ಬಲ್ಲರು. ನೀರು ಒಂದು ಮಗ್ಗುಲಿಗೆ ಸರಿದು, ಉಳಿದದ್ದೆಲ್ಲ ಮರಳು. ಆ ಮರಳಿನ ಮೇಲೆ ನೀರಿಗೆ ಹತ್ತಿರದಲ್ಲೇ ಬಟ್ಟೆ ಮಡಿಸಿಟ್ಟು ಇಳಿಯುತ್ತೇವೆ. ನೀರು ಇದ್ದ ಕಡೆ ಇರುತ್ತದೆ, ಬಟ್ಟೆ ಇಟ್ಟ ಕಡೆ ಇರುತ್ತದೆ. ಹುಟ್ಟಿದಾಗಿನಿಂದ ಬಂದ ಅದೇ ರೂಢಿಯಲ್ಲಿ ಕೋಟು, ಪಂಚೆ, ಅಂಗಿ, ರುಮಾಲು ಎಲ್ಲವನ್ನೂ ಅಚ್ಚುಕಟ್ಟಾಗಿ ಮಡಿಸಿ ನೀರಿನಿಂದ ನಾಲ್ಕು ಮಾರು ದೂರ ಇಟ್ಟು, ಚೌಕ ಸುತ್ತಿಕೊಂಡು ಇಳಿದೆ. ಗಿರಿಜೆ ಮೇಲೆ ತೆಂಗಿನ ಮರದ ಬುಡದಲ್ಲಿ ಕೂತಿದ್ದಳು. ಬೀರಪ್ಪನೂ ಅಲ್ಲೇ ಗಂಟು ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದ.

“ಮೇಷ್ಟ್ರೇ, ಬಟ್ಟೆ ಅಲ್ಲಿಡಬ್ಯಾಡ್ರಿ. ನೀರು ಏರಾಕೆ ಹತ್ತೈತೆ” ಎಂದು ಅವನು ಕೂಗಿದ.

ನನಗೆ ನಗು ಬಂತು. ಜಗಳೂರಿನವನು ನನಗೆ ನೀರು ಏರುವುದನ್ನು ಹೇಳಿಕೊಡುವುದು! ಸೊಂಟದ ಮಟ್ಟ ನೀರಿನಲ್ಲಿ ನಿಂತು, ಅವನ ಕಡೆ ತಿರುಗಿ, ಭರತವೆಂದರೇನು ಎಂಬುದನ್ನು ಮೊದಲಿನಿಂದ ಹೇಳತೊಡಗಿದೆ. ಚಂದ್ರ ನೀರನ್ನು ಸೆಳೆಯುವುದು, ಭೂಮಿ ತಿರುಗುವುದು, ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಏರಿಕೆ ಹೆಚ್ಚುವುದು, ಎಲ್ಲವನ್ನೂ ಗಿರಿಜೆಗೂ ಕೇಳಲೆಂದು ದನಿಯೆತ್ತಿ ಹೇಳಿದೆ. ಅಷ್ಟು ಒಳ್ಳೆಯ ಪಾಠವನ್ನು ನಾನು ಶಾಲೆಯಲ್ಲೂ ಮಾಡಿರಲಿಲ್ಲ. ನಡುವೆ ಬೀರಪ್ಪ ಎರಡು ಸಲ ಕೈ ಬೀಸಿದ; ಸಂದೇಹವಿರಬೇಕೆಂದು ತಿಳಿದು, “ಕೊನೆಗೆ ಕೇಳು” ಎಂದೆ. ಅಂದು ಹುಣ್ಣಿಮೆ ಎಂಬುದು ನನಗೆ ನೆನಪಾಗುವ ಹೊತ್ತಿಗೆ ನೀರು ಎದೆಗೆ ಬಂದಿತ್ತು. ನನ್ನ ರುಮಾಲು ಪಕ್ಕದಲ್ಲೇ ತೇಲುತ್ತ ಪಶ್ಚಿಮಕ್ಕೆ ಹೊರಟಿತ್ತು. ಕೋಟು ಆಗಲೇ ಮುಂದೆ ಹೋಗಿತ್ತು.

ಬೀರಪ್ಪ ಗಂಟು ಬಿಚ್ಚಿ ಒಂದು ಕರೀ ಕಂಬಳಿ ಕೊಟ್ಟ. ಏಪ್ರಿಲ್ ತಿಂಗಳ ಸುಡುಬಿಸಿಲಿನಲ್ಲಿ ತಲೆಯಿಂದ ಕಾಲಿನ ತನಕ ಕಂಬಳಿ ಹೊದ್ದು ಪೇಟೆಬೀದಿಯಲ್ಲಿ ನಡೆದೆ. ಚಳಿಜ್ವರದ ಆಸಾಮಿಯೆಂದು ಜನ ದಾರಿ ಬಿಟ್ಟರು. ಒಬ್ಬ ಮುದುಕಿ ಕಷಾಯಕ್ಕೆ ಏನೇನು ಹಾಕಬೇಕೆಂದು ಗಿರಿಜೆಗೆ ವಿವರವಾಗಿ ಹೇಳಿದಳು. ಗಿರಿಜೆ ಶ್ರದ್ಧೆಯಿಂದ ಕೇಳಿಸಿಕೊಂಡಳು.

ಛತ್ರಕ್ಕೆ ಬಂದ ಮೇಲೆ ಇನ್ನು ಮುಚ್ಚಿಟ್ಟು ಫಲವಿಲ್ಲವೆನಿಸಿತು. “ಗಿರಿಜಾ, ನಾನು ಸಮುದ್ರವನ್ನು ನೋಡಿಯೇ ಇರಲಿಲ್ಲ” ಎಂದೆ. ಹೇಳುವಾಗ ನಾಚಿಕೆಯಿಂದ ಕಂಬಳಿಯೊಳಗೇ ಕುಗ್ಗಿಹೋದೆ.

“ಗೊತ್ತಿತ್ತು ಬಿಡ್ರಿ. ನನ್ನ ಮಗ ಶಿವಮೊಗ್ಗ ದಾಟಿದೋನಲ್ಲ ಅಂತ ಅತ್ತೆ ಮದುವೆಯಾದ ವರ್ಷಾನೇ ಹೇಳಿದ್ರು” ಎಂದಳು.

“ಮತ್ತೆ ಯಾಕೆ ಸುಮ್ಮನಿದ್ದೆ?”

“ನೀವು ಹೇಳೋದು ಚೆಂದ ಇತ್ತು, ಕೇಳ್ತಿದ್ದೆ.” ಅವಳು ಒದ್ದೆ ಚೌಕವನ್ನು ಕೊಡವಿ ಹಗ್ಗಕ್ಕೆ ಹಾಕಿದಳು. “ಆದ್ರೆ ಆರು ದಿನದಿಂದ ಇಲ್ಲಿ ನಾನು ಏನೂ ನೋಡಿಲ್ಲ ರೀ. ಆ ಕಡೆ ಕಣ್ಣು ಹಾಯಿಸಿದ್ರೆ ಸಾಕು, ಕಿವಿಯಾಗೆ ನಿಮ್ಮ ಹೀಯಾಳಿಕೆ. ನಾಳೆ ಒಂದಿನ ಬಾಯಿ ಮುಚ್ಕೊಂಡು ಕೂತ್ಕಳ್ರಿ. ನಾನು ಸಮುದ್ರ ನೋಡಬೇಕು.”

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹದಿನಾಲ್ಕು ವರ್ಷ ಕಾದು ಬಂದವಳ ಆರು ದಿನವನ್ನು, ನನ್ನ ಒಂದು ಸುಳ್ಳು ಉಳಿಸಿಕೊಳ್ಳಲು ಹಾಳು ಮಾಡಿದ್ದೆ.

ಮರುದಿನ ಸಂಜೆ ಮರಳಿನ ಮೇಲೆ, ಬೀರಪ್ಪ ತೋರಿಸಿದ ಜಾಗದಲ್ಲಿ, ಬಾಯಿ ಮುಚ್ಚಿಕೊಂಡು ಕೂತೆ. ನನ್ನ ಜೀವಮಾನದಲ್ಲಿ ಅಷ್ಟು ಹೊತ್ತು ಮಾತಿಲ್ಲದೆ ಕೂತದ್ದು ಅದೇ ಮೊದಲು. ಗಿರಿಜೆ ಮೊಣಕಾಲಿಗೆ ಗಲ್ಲವಿಟ್ಟು ನೋಡುತ್ತಲೇ ಇದ್ದಳು. ನಾನೂ ನೋಡಿದೆ. ಸೂರ್ಯ ಹೋದ, ಕೂತಿದ್ದ ಸಂಸಾರಗಳು ಎದ್ದುಹೋದವು. ಅವಳು ನನ್ನ ಕಡೆ ತಿರುಗಿ, “ಈಗ ಏನಾದ್ರೂ ಹೇಳ್ರಿ” ಎಂದಳು.

ಹೇಳಲು ಬಾಯಿ ತೆರೆದೆ. ಪುಸ್ತಕದ್ದು ಒಂದೂ ನಾಲಗೆಗೆ ಬರಲಿಲ್ಲ. ತಡಕಾಡಿ ತಡಕಾಡಿ, “ಬಹಳ ದೊಡ್ಡದಿದೆ” ಎಂದೆ.

“ಹ್ಞೂಂ” ಎಂದಳು ಗಿರಿಜೆ, “ಹದಿನಾಲ್ಕು ವರ್ಷದಾಗೆ ಸಮುದ್ರದ ಬಗ್ಗೆ ಇದೊಂದು ನಿಜ ಹೇಳಿದ್ರಿ ನೋಡ್ರಿ.”