ಡಚ್ ಪದ್ಧತಿಯ ಇತಿಹಾಸ ಪಾಠ

ಇತಿಹಾಸ ಕಲಿಸುವವರಿಗೆ ಇಂಥ ಪ್ರಸಂಗಗಳು ತಾವಾಗಿಯೇ ಬಂದು ಕೂಡುತ್ತವೆ, ನಾವೇನೂ ಕರೆಯಬೇಕಾಗಿಲ್ಲ. ನಾನು ಇಳಕಲ್ಲಿನ ನೇಕಾರರ ಮನೆಯವನು. ಎಪ್ಪತ್ತರ ದಶಕದ ಕೊನೆಗೆ ಬಾದಾಮಿಯ ಒಂದು ಹೈಸ್ಕೂಲಿನಲ್ಲಿ ಟೆಂಪರರಿ ಮಾಸ್ತರನಾಗಿದ್ದೆ. ಟೆಂಪರರಿ ಎಂದರೆ, ಇನ್‌ಸ್ಪೆಕ್ಟರ್ ಸಾಹೇಬರು ಪಾಠ ನೋಡಿ ಒಪ್ಪಿದರೆ ಖಾಯಂ, ಇಲ್ಲದಿದ್ದರೆ ಮರಳಿ ಮಗ್ಗಕ್ಕೆ. ಇಷ್ಟು ಗೊತ್ತಿದ್ದರೆ ಮುಂದಿನದು ತಿಳಿಯುತ್ತದೆಂದು ಹೇಳಿದೆ.

ಕಿಟಕಿ

ನಮ್ಮ ತರಗತಿಯ ಕಿಟಕಿಯಿಂದ ಚಾಲುಕ್ಯರ ಗವಿಗಳು ನೇರ ಕಾಣುತ್ತಿದ್ದವು. ಚಾಲುಕ್ಯರ ಪಾಠದ ದಿನ ಅತ್ತ ಕೈ ಮಾಡಿ "ಅಲ್ನೋಡ್ರಿ" ಎಂದೆ. ಹುಡುಗರೆಲ್ಲ ಕಿಟಕಿಗೆ ಮುಗಿಬಿದ್ದರು. ಗದ್ದಲ ಕೇಳಿ ಹೆಡ್ ಮಾಸ್ತರರು ಬಂದರು.

"ಏನ್ ನಡದೈತ್ರಿ ಮಾಸ್ತರ?"

"ಗವಿ ಪಾಠ ರೀ ಸರ್."

"ಹಂಗಾರ ಮೊದಲ ಕಿಡಕಿ ಹಾಕ್ರಿ. ಗವಿ ನೋಡಕೋಂತ ಕುಂತ್ರ ಗವಿ ಪಾಠದ ಮ್ಯಾಲೆ ಲಕ್ಷ್ಯ ಇರೂದಿಲ್ಲ."

ಹಾಕಿದೆ. ಪುಸ್ತಕದ ಚಿತ್ರದಲ್ಲಿ ಗವಿ ತೋರಿಸಲು ಹೋದೆ. ಕತ್ತಲಾದ್ದರಿಂದ ಅದೂ ಕಾಣಲಿಲ್ಲ.

ಹಾಲೆಂಡಿನ ಅಕ್ಕೋರು

ಅಕ್ಕೋರು ಎಂದರೆ ನಮ್ಮ ಕಡೆ ಶಿಕ್ಷಕಿ. ಗವಿ ನೋಡಲು ಹಾಲೆಂಡಿನಿಂದ ಬಂದಿದ್ದ ಒಬ್ಬರು, ಅಲ್ಲಿ ಇತಿಹಾಸವನ್ನೇ ಕಲಿಸುವವರು, ನಮ್ಮ ಶಾಲೆಗೂ ಬಂದರು. ಅವರ ಇಂಗ್ಲಿಷನ್ನು ನಾನು ಹೆಡ್ ಮಾಸ್ತರರಿಗೆ ಕನ್ನಡದಲ್ಲಿ ಹೇಳುತ್ತಿದ್ದೆ.

"ಹ್ಯಾಂಗ ಕಲಿಸಬೇಕಂತ ಅಲ್ಲಿ ಸರಕಾರ ಹೇಳೂದಿಲ್ಲಂತ್ರಿ. ಅದು ಆಯಾ ಸಾಲಿಗೆ ಬಿಟ್ಟದ್ದಂತ. ಮಾಸ್ತರ ಏನರ ಹೇಳಿದ್ರ ಹುಡುಗ್ರು 'ಪುರಾವೆ ಏನೈತ್ರಿ?' ಅಂತ ಕೇಳ್ತಾರಂತ."

"ಹೊಡಿಯೂದಿಲ್ಲೇನು?"

"ಇಲ್ಲಂತ್ರಿ. ಮತ್ತ ಬುಧವಾರ ಮಧ್ಯಾಹ್ನ ಸೂಟಿ ಅಂತ್ರಿ."

ರಜೆಯ ಮಾತು ಬಂದದ್ದೇ ಹೆಡ್ ಮಾಸ್ತರರು ಬಾಗಿಲತ್ತ ನೋಡಿ ದನಿ ತಗ್ಗಿಸಿದರು. "ಪುರಾವೆ ಕೇಳಿದ್ರ ಕೇಳ್ಲಿ. ಸೂಟಿ ಸುದ್ದಿ ಮಾತ್ರ ಹುಡುಗ್ರ ಕಿವಿಗೆ ಬೀಳಬಾರದು."

ಸಾಹೇಬರ ಭೇಟಿ

ಸಾಹೇಬರು ಬರುವ ಸುದ್ದಿ ಬಂತು. "ಡಚ್ ಪದ್ಧತಿ ತೋರಸೋಣು, ನೀವು ಖಾಯಂ ಆಗ್ತೀರಿ" ಎಂದರು ಹೆಡ್ ಮಾಸ್ತರರು. ನಮ್ಮ ಹುಡುಗರಿಗೆ ಪ್ರಶ್ನೆ ಕೇಳಿ ರೂಢಿಯಿರಲಿಲ್ಲ. ಆದ್ದರಿಂದ ಪ್ರಶ್ನೆಯನ್ನೇ ಬಾಯಿಪಾಠ ಮಾಡಿಸಿದೆ, ಮಗ್ಗಿ ಹೇಳುವ ರಾಗದಲ್ಲಿ. ದೊಡ್ಡವರು ಏನೇ ಹೇಳಲಿ, ಮುಗಿದ ಕೂಡಲೇ ಕೇಳಬೇಕು ಎಂದು ಹೇಳಿಕೊಟ್ಟೆ. ಎಲ್ಲಿ ನಿಲ್ಲಿಸಬೇಕೆಂದು ಹೇಳಿಕೊಡಲಿಲ್ಲ.

ಸಾಹೇಬರು ಹುನಗುಂದದಿಂದ ಹೊಸದಾಗಿ ವರ್ಗವಾಗಿ ಬಂದವರು. ಬಸ್ಸಿಳಿದು ಒಬ್ಬರೇ ನಡೆದು ನೇರ ನಮ್ಮ ತರಗತಿಗೆ ಬಂದರು. ಚೀಲ ಹಿಡಿದ ಸಿಪಾಯಿ ಸ್ಟ್ಯಾಂಡಿನಲ್ಲಿ ಚಹಾಕ್ಕೆ ನಿಂತಿದ್ದ.

"ಕೂಡ್ರಿ. ನಾ ಇನ್‌ಸ್ಪೆಕ್ಟರ್ ಅದೀನಿ" ಎಂದರು.

"ಪುರಾವೆ ಏನೈತ್ರಿ?" ಎಂದಿತು ಇಡೀ ತರಗತಿ.

ಸಾಹೇಬರು ಕಿಸೆ ಮುಟ್ಟಿಕೊಂಡರು. "ಚೀಲದಾಗ ಐತಿ. ಸಿಪಾಯಿ ತರಾಕತ್ತಾನ."

"ಪುರಾವೆ ಏನೈತ್ರಿ?"

ಬಿಡಿಸಲಿ ಎಂದು ಬಾಗಿಲಲ್ಲಿ ನಿಂತಿದ್ದ ಹೆಡ್ ಮಾಸ್ತರರನ್ನು ನೋಡಿದೆ. ಅವರು ಸಾಹೇಬರನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದರು.

"ತಪ್ಪು ತಿಳಕೋಬ್ಯಾಡ್ರಿ. ನಾನೂ ನಿಮ್ಮನ್ನ ಹಿಂದ ನೋಡಿಲ್ಲ. ಸಿಪಾಯಿ ಬರೂತನಕ ಹೊರಗ ಕೂಡ್ರಿ."

ಸಾಹೇಬರು ಹೊರಗೆ ಕೂತರು. ಸಿಪಾಯಿ ಬಂದು ಸಲಾಮು ಹೊಡೆದ ಮೇಲೆ ಒಳಗೆ ಬಂದರು. ಮಗ್ಗ ನನ್ನ ಕಣ್ಣ ಮುಂದೆ ಬಂದು ನಿಂತಿತ್ತು. ಆದರೆ ಸಾಹೇಬರು ನಗುತ್ತಿದ್ದರು.

"ಇಷ್ಟು ವರ್ಷ ಸಾಲಿ ನೋಡೇನಿ, ನನ್ನ ಯಾರೂ ಏನೂ ಕೇಳಿರಲಿಲ್ಲ. ಮಾಸ್ತರ, ನಿಮ್ಮನ್ನ ಖಾಯಂ ಮಾಡಾಕ ಬರೀತೇನಿ."

ನಾನು ಕೈ ಮುಗಿಯುವುದರೊಳಗೆ ತರಗತಿ ಪುರಾವೆ ಕೇಳಿಯೇ ಬಿಟ್ಟಿತು.

ಸಾಹೇಬರು ನಿಂತಲ್ಲೇ ಬರೆದು ಸಹಿ ಮಾಡಿದರು. ಹಾಳೆಯನ್ನು ಹೆಡ್ ಮಾಸ್ತರರ ಕೈಗೆ ಕೊಡುವ ಮೊದಲು ಮುಂದಿನ ಬೆಂಚಿನವರಿಗೆ ತೋರಿಸಿ ಕೇಳಿದರು: "ಇಷ್ಟು ನಡೀತೈತೇನ್ರಪಾ?"