ಮೇಲ್ಸೇತುವೆಯ ಒಂದೇ ಬದಿಗೆ ಬಿಸಿಲು ಬೀಳುತ್ತಿರುವ ಬಗ್ಗೆ

ಮಾನ್ಯ ಸೂರ್ಯ ಮಹಾಶಯರೇ,

ದಿನವೂ ತಪ್ಪದೆ ಕೆಲಸಕ್ಕೆ ಹಾಜರಾಗುವ, ರಜೆಯೆಂದರೇನೆಂದೇ ಅರಿಯದ ತಮ್ಮಂಥ ಹಿರಿಯರಿಗೆ, ಕಟ್ಟಡಗಳ ಬಲಾಬಲವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಹೊಟ್ಟೆ ಹೊರೆಯುವ ಇಂಜಿನಿಯರನೊಬ್ಬನ ನಮಸ್ಕಾರಗಳು. ತಮ್ಮ ಮೇಲೆ ದೂರು ಬರೆಯುವಷ್ಟು ದೊಡ್ಡವನು ನಾನಲ್ಲ. ಆದರೆ ನಮ್ಮ ಸಾಹೇಬರ ಮೇಲೆ ಬರೆಯುವಷ್ಟು ಧೈರ್ಯವೂ ಇಲ್ಲವಾದ್ದರಿಂದ ತಮಗೇ ಬರೆಯುತ್ತಿದ್ದೇನೆ.

ಆಸ್ಪತ್ರೆಯ ವಾರ್ಡುಗಳ ಕಟ್ಟಡಕ್ಕೂ ಆಪರೇಷನ್ ನಡೆಯುವ ಕಟ್ಟಡಕ್ಕೂ ನಡುವೆ, ಮೂರನೆಯ ಮಹಡಿಯಲ್ಲಿ, ಸ್ಟ್ರೆಚರ್ ಸಾಗಿಸಲೆಂದು ಉಕ್ಕಿನ ಮೇಲ್ಸೇತುವೆಯೊಂದಿದೆ. ಅದರ ಲೆಕ್ಕ ನನ್ನದು. ಸೇತುವೆಯನ್ನು ಪರದೆಯ ಮೇಲೆ ಸಾವಿರಾರು ಚಿಕ್ಕ ತುಂಡುಗಳಾಗಿ ಬಿಡಿಸಿ, ತೂಕ ಹೇರಿ, ಗಾಳಿ ಹೇರಿ, ಕೊನೆಗೆ ತಮ್ಮ ಪಾಲಿನ ಶಾಖವನ್ನು ಹೇರುವ ಹೊತ್ತಿಗೆ, ಎಲ್ಲ ತುಂಡಿಗೂ ಒಂದೇ ಡಿಗ್ರಿ ಹಾಕಿದರೆ ಬೇಗ ಮುಗಿಯುತ್ತದೆಂದು ಸಾಹೇಬರು ಅಪ್ಪಣೆ ಕೊಡಿಸಿದರು. ಹಾಕಿದೆ. ಸೇತುವೆ ನಾಲ್ಕೂ ಕಡೆ ಸಮನಾಗಿ ಕಾದು, ಸಮನಾಗಿ ಉದ್ದವಾಗಿ, ತುದಿಯಲ್ಲಿ ಬಿಟ್ಟಿದ್ದ ಸಂದಿಗೆ ಶಿಸ್ತಾಗಿ ಸರಿದು ನಿಂತಿತು. ಪರದೆ ತುಂಬ ಹಸಿರು, ಅಂದರೆ ಎಲ್ಲವೂ ಕ್ಷೇಮ.

ತಾವಾದರೋ ಮಧ್ಯಾಹ್ನವಾದೊಡನೆ ಸೇತುವೆಯ ಪಶ್ಚಿಮದ ಗೋಡೆಯೊಂದನ್ನೇ ಹಿಡಿದು ಕಾಯಿಸುತ್ತೀರಿ. ಕಾದ ಬದಿ ಹಿಗ್ಗುತ್ತದೆ, ನೆರಳಿನ ಬದಿ ಒಲ್ಲೆನೆನ್ನುತ್ತದೆ, ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದಂತೆ ತುದಿಯ ಬಾಗಿಲಿನ ಚೌಕಟ್ಟು ಸೊಟ್ಟಗಾಗಿ ಬಾಗಿಲು ಕಚ್ಚಿಕೊಳ್ಳುತ್ತದೆ. ಇಷ್ಟು ದೂರದಿಂದ ಇಷ್ಟು ಕರಾರುವಾಕ್ಕಾಗಿ ಒಂದು ಬಾಗಿಲನ್ನು ಮುಚ್ಚಬಲ್ಲವರು ತಾವೊಬ್ಬರೇ.

ಅದೇ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನನ್ನ ಅಕ್ಕ ಮೊನ್ನೆ ತುರ್ತಾಗಿ ಸಾಗಿಸಬೇಕಿದ್ದ ರೋಗಿಯ ಸ್ಟ್ರೆಚರ್ ಹಿಡಿದುಕೊಂಡು ಆ ಬಾಗಿಲನ್ನು ಭುಜದಿಂದ ಗುದ್ದುತ್ತ ನಿಂತಿದ್ದಳಂತೆ. ಕೊನೆಗೆ ಲಿಫ್ಟ್ ಇಳಿದು, ಅಂಗಳ ದಾಟಿ, ಮತ್ತೆ ಲಿಫ್ಟ್ ಹತ್ತಿ ಹೋದರು. ರೋಗಿ ಉಳಿದದ್ದು ಅವರ ಪುಣ್ಯ. ಮನೆಗೆ ಬಂದ ಅಕ್ಕ ಬೈಯಲಿಲ್ಲ. "ನಿನ್ನ ಲೆಕ್ಕ ಸರಿಯಾಗೇ ಇರಬಹುದು ಕಣೋ, ಬಾಗಿಲು ತೆಗೆಯೋಕೆ ಬರಲ್ಲ ಅಷ್ಟೆ" ಎಂದು ಹೇಳಿ ಕೈಕಾಲು ತೊಳೆಯಲು ಹೋದಳು. ನನಗೆ ಭಯವೂ ಆಗಿತ್ತು, ನಾಚಿಕೆಯೂ ಆಗಿತ್ತು.

ಮರುದಿನ ಬಿಸಿಲ ಬದಿಗೊಂದು ಡಿಗ್ರಿ, ನೆರಳ ಬದಿಗೊಂದು ಡಿಗ್ರಿ ಹಾಕಿ ನೋಡಿದೆ. ಪರದೆಯ ಸೇತುವೆಯೂ ಅಕ್ಕ ಹೇಳಿದ ಜಾಗದಲ್ಲೇ ಸೊಟ್ಟಗಾಯಿತು. ಅಷ್ಟೇ ಅಲ್ಲ, ಅದನ್ನು ಕಟ್ಟಡಕ್ಕೆ ಹಿಡಿದಿರುವ ಬೋಲ್ಟುಗಳೂ ಕೆಂಪಾದವು, ಅಂದರೆ ಅಪಾಯ. ಸಾಹೇಬರು ಕನ್ನಡಕ ಏರಿಸಿಕೊಂಡು ನೋಡಿ, ಒಂದು ಬದಿಯ ಬಿಸಿಲು ಒಪ್ಪಂದದಲ್ಲಿಲ್ಲವೆಂದೂ, ಶಾಖವನ್ನೇ ತೆಗೆದುಹಾಕಿದರೆ ಮತ್ತೆ ಹಸಿರಾಗುವುದೆಂದೂ, ಹಾಗೆ ತೆಗೆದು ಸೇತುವೆ ಕ್ಷೇಮವೆಂದು ನಾನು ಸಹಿ ಹಾಕಿಕೊಡಬೇಕೆಂದೂ ತಿಳಿಸಿದ್ದಾರೆ.

ಆದಕಾರಣ ತಾವು ದಯಮಾಡಿ ಮಧ್ಯಾಹ್ನಗಳಲ್ಲಿ ಪೂರ್ವದಲ್ಲೂ ಪಶ್ಚಿಮದಲ್ಲೂ ಏಕಕಾಲಕ್ಕೆ ನಿಂತು, ಸೇತುವೆಯ ತಳಭಾಗಕ್ಕೂ ಒಂದಿಷ್ಟು ಬಿಸಿಲು ತಲುಪಿಸಬೇಕಾಗಿ ಕೋರುತ್ತೇನೆ. ಅದು ಕಷ್ಟವಾದಲ್ಲಿ ಸಾಹೇಬರ ಇಚ್ಛೆಯಂತೆ ಹುಟ್ಟುವುದನ್ನೇ ನಿಲ್ಲಿಸುವ ಬಗ್ಗೆ ಯೋಚಿಸಬಹುದು. ತಾವಿಲ್ಲದಿದ್ದರೆ ಸೇತುವೆಗೆ ಯಾವ ತೊಂದರೆಯೂ ಇಲ್ಲವೆಂದು ಲೆಕ್ಕ ಹೇಳುತ್ತದೆ.

ತಮ್ಮ ವಿಶ್ವಾಸಿ,
ಇನ್ನೂ ಸಹಿ ಹಾಕದ ಇಂಜಿನಿಯರ್

ವಿ.ಸೂ.: ಎರಡನೆಯ ಲೆಕ್ಕವನ್ನು ಈ ಪತ್ರದೊಂದಿಗೆ ಲಗತ್ತಿಸಿ ಆಸ್ಪತ್ರೆಯ ಮುಖ್ಯಸ್ಥರಿಗೆ ಈಗಷ್ಟೇ ಕಳಿಸಿದ್ದೇನೆ. ಸಾಹೇಬರಿಗೆ ಪ್ರತಿ ಕಳಿಸಿಲ್ಲ. ಅವರ ಲೆಕ್ಕದಲ್ಲಿ ತಾವೇ ಇಲ್ಲದ ಮೇಲೆ ತಮಗೆ ಬರೆದ ಪತ್ರ ಅವರಿಗೇಕೆ?